ಸಣ್ಣ ಉದ್ಯಮಗಳು ನಿಜಕ್ಕೂ ಎಷ್ಟು ಕೆಲಸ ಹುಟ್ಟಿಸುತ್ತವೆ?

ಪ್ರಶ್ನೆ: ಅಭಿವೃದ್ಧಿಶೀಲ ದೇಶಗಳಲ್ಲಿ ಹೆಚ್ಚಿನ ಜನರಿಗೆ ಕೆಲಸ ಕೊಡುವುದು ಸಣ್ಣ ಉದ್ಯಮಗಳೇ ಎಂದು ವರದಿಗಳಲ್ಲಿ, ಭಾಷಣಗಳಲ್ಲಿ ಓದುತ್ತಲೇ ಇರುತ್ತೇನೆ. ಹಾಗಿದ್ದ ಮೇಲೆ ದೊಡ್ಡ ಕಾರ್ಖಾನೆಗಳಿಗೆ ಸಿಗುವ ಸವಲತ್ತುಗಳನ್ನೆಲ್ಲ ಸಣ್ಣವರ ಕಡೆಗೆ ತಿರುಗಿಸಿದರೆ ನಿರುದ್ಯೋಗ ನೀಗಬೇಕಲ್ಲವೇ? ಸಾಲ, ತರಬೇತಿ ಎಂದು ದಶಕಗಳಿಂದ ಹಣ ಸುರಿದರೂ ಏಕೆ ನೀಗಿಲ್ಲ? ಒಂದು ಯೋಜನೆ ನಿಜವಾಗಿ ಉದ್ಯೋಗ ಸೃಷ್ಟಿಸಿತೋ ಇಲ್ಲವೋ ಎಂದು ನಮ್ಮಂಥ ಸಾಮಾನ್ಯ ಓದುಗರು ತಿಳಿಯುವುದು ಹೇಗೆ?
– ಅರ್ಥಶಾಸ್ತ್ರದ ವಿದ್ಯಾರ್ಥಿ

ಉತ್ತರ: ನೀವು ಓದಿದ ಅಂಕಿಅಂಶ ಸುಳ್ಳಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ 99 ದೇಶಗಳ ಮಾಹಿತಿ ಕಲೆಹಾಕಿ ನೋಡಿದಾಗ, ದುಡಿಯುವವರಲ್ಲಿ ಶೇ 70ರಷ್ಟು ಮಂದಿ ಸ್ವಯಂ ಉದ್ಯೋಗದಲ್ಲೋ ಕಿರು ಮತ್ತು ಸಣ್ಣ ಘಟಕಗಳಲ್ಲೋ ಇದ್ದರು. ಬಡ ದೇಶಗಳಲ್ಲಿ ಈ ಪಾಲು ಇನ್ನೂ ಹೆಚ್ಚು. ಆದರೆ ಆ ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಿ. ದಕ್ಷಿಣ ಏಷ್ಯಾದಲ್ಲಿ ಒಟ್ಟು ಉದ್ಯೋಗದ ಶೇ 66ರಷ್ಟು, ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಶೇ 50ರಷ್ಟು ಬರೀ ಸ್ವಯಂ ಉದ್ಯೋಗ. ಅಂದರೆ ‘ಸಣ್ಣ ಉದ್ಯಮ ಕೆಲಸ ಕೊಡುತ್ತದೆ’ ಎಂದು ನಾವು ಹೇಳುವಾಗ, ಅದರಲ್ಲಿ ಬಹುಪಾಲು ಒಬ್ಬರು ತಮಗೆ ತಾವೇ ಕೊಟ್ಟುಕೊಂಡ ಕೆಲಸ. ಅಲ್ಲಿ ಮಾಲೀಕರೂ ಅವರೇ, ಆಳೂ ಅವರೇ. ಎರಡನೆಯವರಿಗೆ ಅಲ್ಲಿ ಸಂಬಳವಿಲ್ಲ.

ನನ್ನ ಉತ್ತರದ ಸಾರವನ್ನು ಇಲ್ಲೇ ಹೇಳಿಬಿಡುತ್ತೇನೆ. ಇರುವ ಕೆಲಸ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಹೊಸ ಕೆಲಸ ಎಲ್ಲಿ ಹುಟ್ಟುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ‘ಸಣ್ಣ ಉದ್ಯಮ’. ಎರಡನೆಯದಕ್ಕೆ ಉತ್ತರ, ಸಣ್ಣದಾಗಿ ಶುರುವಾಗಿ ಸಣ್ಣದಾಗಿಯೇ ಉಳಿಯದ ಕೆಲವೇ ಕೆಲವು ಉದ್ಯಮಗಳು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿ ನೀತಿ ರೂಪಿಸಿದ್ದರಿಂದಲೇ ನೀವು ಕೇಳುವ ಆ ‘ಏಕೆ ನೀಗಿಲ್ಲ’ ಎಂಬ ಪ್ರಶ್ನೆ ಇನ್ನೂ ಉಳಿದುಕೊಂಡಿರುವುದು.

ಬಡ ದೇಶದಲ್ಲಿ ನಿರುದ್ಯೋಗಿಯಾಗಿ ಕೂರುವುದಕ್ಕೂ ಅನುಕೂಲ ಬೇಕು. ನಿರುದ್ಯೋಗ ಭತ್ಯೆ ಇಲ್ಲದ ಕಡೆ, ಮನೆಯಲ್ಲಿ ಬೇರೆ ದುಡಿಯುವ ಕೈ ಇಲ್ಲದ ಕಡೆ, ಕೆಲಸ ಸಿಗಲಿಲ್ಲವೆಂದು ಯಾರೂ ಸುಮ್ಮನಿರಲಾರರು. ಏನಾದರೂ ಮಾರುತ್ತಾರೆ, ಏನಾದರೂ ರಿಪೇರಿ ಮಾಡುತ್ತಾರೆ. ಘಾನಾದ ಅಕ್ರಾ ನಗರದ ಬಡಾವಣೆಗಳಲ್ಲಿ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಕೀತ್ ಹಾರ್ಟ್ 1970ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟಿದ್ದು ಇದನ್ನೇ. ಲೆಕ್ಕಪತ್ರದಲ್ಲಿ ನಿರುದ್ಯೋಗಿಗಳಂತೆ ಕಾಣುತ್ತಿದ್ದವರು ವಾಸ್ತವದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಹತ್ತು ಕಡೆಯ ಸಣ್ಣಪುಟ್ಟ ಆದಾಯ ಕೂಡಿಸಿ ಬದುಕುತ್ತಿದ್ದರು. 1972ರಲ್ಲಿ ಕೆನ್ಯಾಕ್ಕೆ ಹೋದ ಕಾರ್ಮಿಕ ಸಂಸ್ಥೆಯ ತಂಡವೂ ಇದನ್ನೇ ಕಂಡು, ‘ಅನೌಪಚಾರಿಕ ವಲಯ’ ಎಂಬ ಹೆಸರನ್ನು ಸರ್ಕಾರಿ ಕಡತಗಳಿಗೆ ತಂದಿತು. ಇದಕ್ಕೆ ತದ್ವಿರುದ್ಧದ ಉದಾಹರಣೆ ದಕ್ಷಿಣ ಆಫ್ರಿಕಾ. ಅಲ್ಲಿ ವರ್ಣಭೇದದ ಆಡಳಿತ ಕಪ್ಪು ಜನರ ವ್ಯಾಪಾರವನ್ನು ದಶಕಗಳ ಕಾಲ ಕಟ್ಟಿಹಾಕಿತ್ತು. ನೆರೆಯ ದೇಶಗಳಿಗೆ ಹೋಲಿಸಿದರೆ ಅಲ್ಲಿನ ಅನೌಪಚಾರಿಕ ವಲಯ ಇವತ್ತಿಗೂ ಚಿಕ್ಕದು, ನಿರುದ್ಯೋಗ ಶೇ 30ರ ಮೇಲಿದೆ. ಹಾಗಾಗಿ ಈ ಪುಟ್ಟ ದುಡಿಮೆಗಳನ್ನು ‘ಉತ್ಪಾದಕತೆ ಇಲ್ಲದವು’ ಎಂದು ತಳ್ಳಿಹಾಕುವ ಅರ್ಥಶಾಸ್ತ್ರಜ್ಞರ ಮಾತು ನನಗೆ ಹಿಡಿಸುವುದಿಲ್ಲ. ಅವು ಲಕ್ಷಾಂತರ ಮನೆಗಳ ಒಲೆ ಉರಿಸುತ್ತಿವೆ. ಆದರೆ ಅವುಗಳಿಂದ ನಾಳೆ ಹತ್ತು ಜನರಿಗೆ ಸಂಬಳದ ಕೆಲಸ ಹುಟ್ಟುತ್ತದೆ ಎಂದು ಕಾಯುವುದೂ ಸರಿಯಲ್ಲ.

ಶ್ರೀಲಂಕಾದಲ್ಲಿ ಸುರೇಶ್ ಡಿ ಮೆಲ್, ಡೇವಿಡ್ ಮೆಕೆಂಜಿ, ಕ್ರಿಸ್ಟೋಫರ್ ವುಡ್ರಫ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಒಂದು ಸರಳ ಪ್ರಶ್ನೆ ಕೇಳಿದರು: ಒಬ್ಬಂಟಿಯಾಗಿ ವ್ಯಾಪಾರ ಮಾಡುವವರು ಯಾರನ್ನು ಹೋಲುತ್ತಾರೆ? ಆಳುಗಳನ್ನಿಟ್ಟುಕೊಂಡ ಉದ್ಯಮಿಗಳನ್ನೋ, ಸಂಬಳಕ್ಕೆ ದುಡಿಯುವವರನ್ನೋ? ಓದು, ಹಿನ್ನೆಲೆ, ಸ್ವಭಾವ, ಅಪಾಯ ಎದುರಿಸುವ ಮನಸ್ಸು ಎಲ್ಲವನ್ನೂ ಅಳೆದು ನೋಡಿದರೆ, ಮೂರರಲ್ಲಿ ಎರಡಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿ ಸಂಬಳದವರನ್ನೇ ಹೋಲುತ್ತಿದ್ದರು. ಒಳ್ಳೆಯ ಕೆಲಸ ಸಿಕ್ಕರೆ ಅವರು ನಾಳೆಯೇ ಅಂಗಡಿ ಮುಚ್ಚಿ ಹೋದರೂ ಆಶ್ಚರ್ಯವಿಲ್ಲ. ಎಲ್ಲ ಬಡವರೊಳಗೂ ಒಬ್ಬ ಉದ್ಯಮಿ ಅಡಗಿದ್ದಾನೆ, ಸಾಲ ಕೊಟ್ಟರೆ ಹೊರಬರುತ್ತಾನೆ ಎಂಬ ಮಾತು ಕೇಳಲು ಚೆಂದ, ಅಷ್ಟೇ.

ಹಾಗಾದರೆ ‘ಸಣ್ಣ ಉದ್ಯಮವೇ ಉದ್ಯೋಗದ ತಾಯಿ’ ಎಂಬ ನಂಬಿಕೆ ಬಂದದ್ದೆಲ್ಲಿಂದ? ಅದರ ಮೂಲ ಅಮೆರಿಕದಲ್ಲಿದೆ. 1979ರಲ್ಲಿ ಡೇವಿಡ್ ಬರ್ಚ್ ಎಂಬ ಸಂಶೋಧಕ ಅಲ್ಲಿನ ಹೊಸ ಉದ್ಯೋಗಗಳಲ್ಲಿ ಸುಮಾರು ಮೂರನೇ ಎರಡು ಪಾಲು 20 ಅಥವಾ ಅದಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳಿಂದ ಬಂದಿದೆ ಎಂದು ವರದಿ ಕೊಟ್ಟರು. ರಾಜಕಾರಣಿಗಳಿಗೆ ಇದು ಹಬ್ಬವಾಯಿತು. ಆದರೆ ಈ ಬಗೆಯ ಲೆಕ್ಕದಲ್ಲಿ ಒಂದು ಬಲೆ ಇದೆ. ಒಂದು ಕಾರ್ಖಾನೆಯಲ್ಲಿ 60 ಜನರಿದ್ದಾರೆ ಎನ್ನಿ. 50ಕ್ಕಿಂತ ಹೆಚ್ಚಿದ್ದರೆ ಅದು ‘ದೊಡ್ಡದು’. ಈ ವರ್ಷ ಬೇಡಿಕೆ ಕುಸಿದು 20 ಜನರನ್ನು ಬಿಡಿಸಿದರು. ‘ದೊಡ್ಡ ಉದ್ಯಮ 20 ಕೆಲಸ ಕಳೆಯಿತು’ ಎಂದು ದಾಖಲಾಯಿತು. ಮುಂದಿನ ವರ್ಷ ಅದೇ ಕಾರ್ಖಾನೆ ಅದೇ 20 ಜನರನ್ನು ಮರಳಿ ಕರೆದುಕೊಂಡಿತು. ಈಗ ಅದು 40 ಜನರ ಸಂಸ್ಥೆಯಾದ್ದರಿಂದ ‘ಸಣ್ಣ ಉದ್ಯಮ 20 ಕೆಲಸ ಸೃಷ್ಟಿಸಿತು’ ಎಂದು ದಾಖಲಾಗುತ್ತದೆ. ಒಂದೇ ಒಂದು ಹೊಸ ಕೆಲಸ ಹುಟ್ಟಿಲ್ಲ, ಆದರೂ ಸಣ್ಣದಕ್ಕೆ ಹೊಗಳಿಕೆ, ದೊಡ್ಡದಕ್ಕೆ ಬೈಗುಳ. ಸ್ಟೀವನ್ ಡೇವಿಸ್, ಜಾನ್ ಹಾಲ್ಟಿವಾಂಗರ್ ಮತ್ತಿತರರು 1990ರ ದಶಕದಲ್ಲಿ ಈ ತಪ್ಪನ್ನು ಎತ್ತಿ ತೋರಿಸಿದರು. 2013ರಲ್ಲಿ ಹಾಲ್ಟಿವಾಂಗರ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂಸ್ಥೆಯ ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಗಾತ್ರಕ್ಕೂ ಉದ್ಯೋಗದ ಬೆಳವಣಿಗೆಗೂ ಹೇಳಿಕೊಳ್ಳುವಂಥ ನಂಟೇ ಉಳಿಯುವುದಿಲ್ಲ ಎಂದು ತೋರಿಸಿದರು. ಕೆಲಸ ಹುಟ್ಟಿಸುತ್ತಿದ್ದುದು ಎಳೆಯ ಸಂಸ್ಥೆಗಳು. ಎಳೆಯವು ಸಾಮಾನ್ಯವಾಗಿ ಸಣ್ಣವೇ ಆಗಿರುವುದರಿಂದ ಕಣ್ಣಿಗೆ ಗಾತ್ರ ಕಂಡಿತು, ವಯಸ್ಸು ಕಾಣಲಿಲ್ಲ.

ಅಭಿವೃದ್ಧಿಶೀಲ ದೇಶಗಳ ಮಟ್ಟಿಗೆ ಮೇಘನಾ ಅಯ್ಯಗಾರಿ, ಆಸ್ಲಿ ಡೆಮಿರ್ಗುಚ್-ಕುಂಟ್, ವೊಯಿಸ್ಲಾವ್ ಮ್ಯಾಕ್ಸಿಮೊವಿಕ್ 2011ರಲ್ಲಿ ವಿಶ್ವಬ್ಯಾಂಕ್‌ಗಾಗಿ 99 ದೇಶಗಳ ಸಂಸ್ಥೆಗಳನ್ನು ಹೋಲಿಸಿದರು. ಹೊಸ ಕೆಲಸ ಸೇರಿಸುವ ವೇಗದಲ್ಲಿ ಸಣ್ಣವೇ ಮುಂದೆ. ಆದರೆ ಉತ್ಪಾದಕತೆಯ ಬೆಳವಣಿಗೆಯಲ್ಲಿ ದೊಡ್ಡವು ಮುಂದೆ. ಸಂಬಳ ಏರುವುದು ಕೊನೆಗೂ ಉತ್ಪಾದಕತೆ ಏರಿದರೆ ಮಾತ್ರ, ಇದನ್ನು ಮರೆಯಬಾರದು.

ಎಳೆಯ ಸಂಸ್ಥೆಗಳು ಬೆಳೆಯುತ್ತವೆಯೇ ಎಂಬುದೇ ಅಸಲಿ ಪ್ರಶ್ನೆ. ಚಾಂಗ್-ಟಾಯ್ ಶೇ ಮತ್ತು ಪೀಟರ್ ಕ್ಲೆನೋವ್ 2014ರಲ್ಲಿ ಪ್ರಕಟಿಸಿದ ಹೋಲಿಕೆ ಇಲ್ಲಿ ಕಣ್ಣು ತೆರೆಸುವಂಥದ್ದು. ಅಮೆರಿಕದಲ್ಲಿ 40 ವರ್ಷ ಹಳೆಯ ಕಾರ್ಖಾನೆಯಲ್ಲಿ ಹೊಸ ಕಾರ್ಖಾನೆಗಿಂತ ಏಳು ಪಟ್ಟಿಗೂ ಹೆಚ್ಚು ಕೆಲಸಗಾರರಿರುತ್ತಾರೆ. ಮೆಕ್ಸಿಕೋದಲ್ಲಿ ಸುಮಾರು ಎರಡು ಪಟ್ಟು. ಭಾರತದಲ್ಲೂ ನಾಲ್ಕು ದಶಕ ಬದುಕಿ ಉಳಿದ ಘಟಕ ಹೆಚ್ಚುಕಡಿಮೆ ಅಷ್ಟೇ ಬೆಳೆದಿರುತ್ತದೆ. ಇದೇ ಚಾಂಗ್-ಟಾಯ್ ಶೇ ಅವರು ಬೆಂಜಮಿನ್ ಓಲ್ಕೆನ್ ಜೊತೆ ಭಾರತ, ಇಂಡೊನೇಷ್ಯಾ, ಮೆಕ್ಸಿಕೋಗಳ ಅಂಕಿಗಳನ್ನು ನೋಡಿದಾಗ, ಈ ದೇಶಗಳಲ್ಲಿ ‘ಮಧ್ಯಮ ಗಾತ್ರದವು ಮಾತ್ರ ಕಾಣೆಯಾಗಿವೆ’ ಎಂಬ ಪ್ರಚಲಿತ ಮಾತೂ ಸರಿಯಲ್ಲ ಎಂದಾಯಿತು. ಮಧ್ಯಮವೂ ಕಡಿಮೆ, ದೊಡ್ಡವೂ ಕಡಿಮೆ. ಇರುವುದೆಲ್ಲ ಕಿರಿದೇ.

ಬೆಳೆಯುವುದಿಲ್ಲ ಏಕೆ? ಇಲ್ಲಿ ಸ್ವಲ್ಪ ನಿಲ್ಲೋಣ. ಕಾರಣವನ್ನು ವರದಿಗಳಲ್ಲಿ ಹುಡುಕುವ ಬದಲು ಒಂದು ಘಟಕದ ಒಳಗೆ ಕೂತು ನೋಡಿದರೆ ಹೆಚ್ಚು ಅರ್ಥವಾಗುತ್ತದೆ. ಐದು ಹೊಲಿಗೆ ಯಂತ್ರ, ಐದು ಜನ, ಒಬ್ಬ ಮಾಲೀಕ ಇರುವ ಒಂದು ಘಟಕವನ್ನು ಊಹಿಸಿಕೊಳ್ಳಿ. ದೊಡ್ಡ ಖರೀದಿದಾರರೊಬ್ಬರು ಎರಡು ಪಟ್ಟು ಮಾಲು ಕೇಳುತ್ತಾರೆ. ಮಾಲೀಕ ಖುಷಿಪಡಬೇಕು. ಆದರೆ ಅವನು ಮೊದಲು ಹಾಕುವ ಲೆಕ್ಕ ಬೇರೆ. ಬಟ್ಟೆಗೆ ಇವತ್ತೇ ದುಡ್ಡು ಕೊಡಬೇಕು, ಕೂಲಿ ವಾರವಾರ ಬಟವಾಡೆ ಆಗಬೇಕು, ಮಾಲು ಹೋದ ಮೇಲೆ ಬಿಲ್ಲು ಪಾಸಾಗಿ ಹಣ ಕೈಸೇರುವುದಕ್ಕೆ ಮೂರು ತಿಂಗಳು. 100ರ ಮಾಲಿಗೆ 85 ಖರ್ಚಾಗಿ 15 ಉಳಿಯುತ್ತದೆ ಎಂದುಕೊಂಡರೂ, ಆ ಮೂರು ತಿಂಗಳು ಪ್ರತಿ 100ರ ಆರ್ಡರಿಗೂ ಅವನ 85 ಬೇರೆಯವರ ಕೈಯಲ್ಲಿ ಸಿಕ್ಕಿಕೊಂಡಿರುತ್ತದೆ. ಆರ್ಡರು ದುಪ್ಪಟ್ಟಾದರೆ ಸಿಕ್ಕಿಕೊಳ್ಳುವ ದುಡ್ಡೂ ದುಪ್ಪಟ್ಟು. ತಿಂಗಳಿಗೆ ಶೇ 3ರ ಬಡ್ಡಿಗೆ ಕೈಸಾಲ ತಂದರೆ ಮೂರು ತಿಂಗಳಲ್ಲಿ ಲಾಭದ ಅರ್ಧ ಬಡ್ಡಿಗೇ ಹೋಯಿತು. ಬಿಲ್ಲು ಇನ್ನೊಂದು ಮೂರು ತಿಂಗಳು ತಡವಾದರೆ ಉಳಿದ ಅರ್ಧವೂ ಹೋಯಿತು. ಪುಸ್ತಕದಲ್ಲಿ ಲಾಭವಿದೆ, ಗಲ್ಲಾಪೆಟ್ಟಿಗೆಯಲ್ಲಿ ಕಾಸಿಲ್ಲ. ಅವನು ಆರ್ಡರು ಬೇಡವೆನ್ನುತ್ತಾನೆ. ಆರನೇ ಕೆಲಸಗಾರನಿಗೆ ಹುಟ್ಟಬೇಕಿದ್ದ ಕೆಲಸ ಹೀಗೆ ಹುಟ್ಟುವ ಮೊದಲೇ ಸಾಯುತ್ತದೆ, ಯಾವ ಅಂಕಿಅಂಶದಲ್ಲೂ ಅದು ದಾಖಲಾಗುವುದಿಲ್ಲ. ‘ಸಾಲ ಸಿಗುವುದಿಲ್ಲ’ ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ‘ಬಾಕಿ ಬರುವುದಿಲ್ಲ’ ಎಂಬ ದೂರು. ದೊಡ್ಡ ಖರೀದಿದಾರರು, ಸರ್ಕಾರಿ ಇಲಾಖೆಗಳೂ ಸೇರಿ, ಸಣ್ಣವರಿಗೆ ಸಕಾಲಕ್ಕೆ ಹಣ ಪಾವತಿಸುವಂತೆ ಮಾಡುವುದು ನನ್ನ ಪ್ರಕಾರ ಯಾವುದೇ ರಿಯಾಯಿತಿ ಸಾಲಕ್ಕಿಂತ ಹೆಚ್ಚು ಕೆಲಸ ಉಳಿಸುತ್ತದೆ.

ಅದೇ ಘಟಕದಲ್ಲಿ ಎರಡನೆಯ ತೊಡಕು ನಂಬಿಕೆಯದು. ಮಾಲೀಕನ ಕಣ್ಣು ಐದು ಜನರ ಮೇಲಿರಬಲ್ಲದು. ಇಪ್ಪತ್ತು ಜನರಾದರೆ ಮೇಸ್ತ್ರಿ ಬೇಕು, ಲೆಕ್ಕ ಬರೆಯುವವರು ಬೇಕು, ಮಾಲು ಕದ್ದರೆ ಕೇಳುವ ದಾರಿ ಬೇಕು. ನ್ಯಾಯಾಲಯ ಹತ್ತು ವರ್ಷ ಎಳೆಯುವ ದೇಶದಲ್ಲಿ ಹೊರಗಿನವರನ್ನು ನಂಬುವುದು ದುಬಾರಿ ಬಾಬತ್ತು. ಹಾಗಾಗಿ ಎಷ್ಟು ಮಂದಿ ಅಣ್ಣತಮ್ಮಂದಿರು, ಮಕ್ಕಳು ಇದ್ದಾರೋ ಅಷ್ಟಕ್ಕೇ ಉದ್ಯಮದ ಗಾತ್ರ ನಿಂತುಬಿಡುತ್ತದೆ.

ಮೂರನೆಯ ತೊಡಕನ್ನು ಸರ್ಕಾರಗಳೇ, ಅದೂ ಒಳ್ಳೆಯ ಉದ್ದೇಶದಿಂದ, ಕಟ್ಟಿವೆ. ಸಣ್ಣದಾಗಿದ್ದರೆ ಸವಲತ್ತು, ಗೆರೆ ದಾಟಿದರೆ ಸವಲತ್ತು ಕಟ್. ಇದಕ್ಕೆ ದೊಡ್ಡ ಉದಾಹರಣೆ ಭಾರತದ್ದೇ. 1967ರಲ್ಲಿ 47 ಬಗೆಯ ವಸ್ತುಗಳನ್ನು ಸಣ್ಣ ಕೈಗಾರಿಕೆಗಳಷ್ಟೇ ತಯಾರಿಸಬೇಕೆಂದು ಮೀಸಲಿಡಲಾಯಿತು. ಪಟ್ಟಿ ಬೆಳೆದು 800 ದಾಟಿತು. ಯಂತ್ರೋಪಕರಣಗಳ ಮೇಲಿನ ಹೂಡಿಕೆ ಒಂದು ಮಿತಿ ಮೀರಿದರೆ ಆ ವಸ್ತು ತಯಾರಿಸುವಂತಿಲ್ಲ. ಉದ್ದೇಶ ಉದ್ಯೋಗ ರಕ್ಷಣೆ. ಪರಿಣಾಮ? ಚೆನ್ನಾಗಿ ನಡೆಯುತ್ತಿದ್ದ ಘಟಕ ಹೊಸ ಯಂತ್ರ ಕೊಳ್ಳುವ ಬದಲು ಹೆಂಡತಿ ಹೆಸರಲ್ಲೋ ಭಾವಮೈದುನನ ಹೆಸರಲ್ಲೋ ಇನ್ನೊಂದು ಪುಟ್ಟ ಘಟಕ ತೆರೆಯುವುದೇ ಜಾಣತನವಾಯಿತು. 1990ರ ದಶಕದ ಕೊನೆಯಿಂದ ಪಟ್ಟಿ ಕರಗುತ್ತ ಬಂದು, ಉಳಿದ 20 ವಸ್ತುಗಳ ಮೀಸಲು 2015ರಲ್ಲಿ ರದ್ದಾಯಿತು. ಲೆಸ್ಲಿ ಮಾರ್ಟಿನ್, ಶಾಂತಿ ನಟರಾಜ್, ಆ್ಯನ್ ಹ್ಯಾರಿಸನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೀಸಲು ತೆಗೆದುದರ ಪ್ರಭಾವ ಹೆಚ್ಚಾಗಿದ್ದ ಜಿಲ್ಲೆಗಳಲ್ಲೇ ಉದ್ಯೋಗ ಹೆಚ್ಚು ಬೆಳೆಯಿತು. ಹಳೆಯ ಸಣ್ಣ ಘಟಕಗಳು ಕುಗ್ಗಿದ್ದು ನಿಜ. ಅದನ್ನು ಮೀರಿಸಿ ಹೊಸಬರೂ ಬೆಳೆಯಲು ಸಿದ್ಧರಿದ್ದವರೂ ಜನರನ್ನು ತೆಗೆದುಕೊಂಡರು. ನೀವು ಕೇಳಿದಂತೆ ಸವಲತ್ತುಗಳನ್ನೆಲ್ಲ ಸಣ್ಣವರ ಕಡೆಗೇ ತಿರುಗಿಸಿದ ಪ್ರಯೋಗ ಸುಮಾರು ಅರ್ಧ ಶತಮಾನ ನಡೆದು ಮುಗಿದಿದೆ ಎಂದು ಇದರಿಂದ ತಿಳಿಯಬಹುದು.

ಇನ್ನು ಸಾಲದ ಕಥೆ. ಶ್ರೀಲಂಕಾದ ಅದೇ ಮೂವರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ವ್ಯಾಪಾರಿಗಳಿಗೆ ಚೀಟಿ ಎತ್ತಿ ಸುಮಾರು 100 ಇಲ್ಲವೇ 200 ಡಾಲರ್ ಬೆಲೆಯ ನಗದನ್ನೋ ಸಾಮಗ್ರಿಯನ್ನೋ ಕೊಟ್ಟರು. ಆ ಬಂಡವಾಳ ತಿಂಗಳಿಗೆ ಶೇ 5ರ ಆಸುಪಾಸು ಪ್ರತಿಫಲ ತಂದಿತು. ಬ್ಯಾಂಕ್ ಬಡ್ಡಿಗೆ ಹೋಲಿಸಿದರೆ ಇದು ಬಹಳ ಹೆಚ್ಚು. ಆದರೆ ಆ ಲಾಭವೆಲ್ಲ ಗಂಡಸರ ವ್ಯಾಪಾರದಲ್ಲಿ ಕಂಡಿತು, ಹೆಂಗಸರ ವ್ಯಾಪಾರದಲ್ಲಿ ಸರಾಸರಿ ಏನೂ ಇಲ್ಲ. ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಎಂದು ಯಾರಾದರೂ ಷರಾ ಬರೆಯುವ ಮೊದಲು ಮುಂದಿನದನ್ನೂ ಓದಬೇಕು. 2019ರಲ್ಲಿ ಬಂದ ಮರುವಿಶ್ಲೇಷಣೆಯೊಂದು ಭಾರತ, ಶ್ರೀಲಂಕಾ, ಘಾನಾಗಳ ಮಾಹಿತಿಯನ್ನು ಮನೆವಾರು ನೋಡಿತು. ಮನೆಯಲ್ಲಿ ಹೆಂಗಸಿನದೊಂದೇ ವ್ಯಾಪಾರವಿದ್ದಾಗ ಅವಳ ಪ್ರತಿಫಲ ಗಂಡಸರಿಗಿಂತ ಕಡಿಮೆಯೇನಲ್ಲ. ಗಂಡನದೂ ಒಂದು ವ್ಯಾಪಾರವಿದ್ದರೆ ಅವಳ ಹೆಸರಿಗೆ ಬಂದ ದುಡ್ಡು ಅತ್ತ ಹರಿದಿತ್ತು! ಸಾಲ ಯಾರ ಹೆಸರಿಗೆ ಮಂಜೂರಾಯಿತು ಎಂದು ಎಣಿಸುವವರು ಇದನ್ನು ಗಮನಿಸಬೇಕು.

ಪ್ರತಿಫಲ ಇಷ್ಟಿದ್ದರೆ ಕಿರುಸಾಲದಿಂದ ಪವಾಡವೇ ಆಗಬೇಕಿತ್ತು. ಆಗಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಮಂಗೋಲಿಯಾ, ಮೊರಾಕ್ಕೊ ಈ ಆರು ದೇಶಗಳ ಪ್ರಯೋಗಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಸಾಲದಿಂದ ಕೆಲವರ ವ್ಯಾಪಾರ ತುಸು ಹಿಗ್ಗಿತು, ಮನೆಯ ಖರ್ಚು ನಿಭಾಯಿಸಲು ಅನುಕೂಲವಾಯಿತು. ಆದರೆ ಸರಾಸರಿ ಸಾಲಗಾರನ ಬದುಕು ಮಗ್ಗುಲು ಬದಲಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಬರಿದಾದ ಅಂಗಡಿಗೆ ಒಂದಿಷ್ಟು ಮಾಲು ತುಂಬಿದರೆ ಲಾಭ ಥಟ್ಟನೆ ಏರುತ್ತದೆ, ಆಮೇಲೆ ನಿಂತುಬಿಡುತ್ತದೆ. ಅಲ್ಲಿಂದ ಮೇಲಕ್ಕೆ ಹೋಗಲು ಯಂತ್ರ ಬೇಕು, ಜಾಗ ಬೇಕು, ಹೊರಗಿನ ಗಿರಾಕಿ ಬೇಕು. ಅದಕ್ಕೆ ಕಿರುಸಾಲ ಸಾಲದು. ವಾರವಾರ ಕಂತು ಕಟ್ಟಬೇಕಾದ ಸಾಲವನ್ನು ಆರು ತಿಂಗಳು ಕಾದು ಫಲ ಕೊಡುವ ಕೆಲಸಕ್ಕೆ ಯಾರು ಹಾಕುತ್ತಾರೆ? ಹೀಗೆ ಬೆಳೆಯಲು ಹೊರಟವರು ದೊಡ್ಡ ಬ್ಯಾಂಕಿಗೆ ತೀರಾ ಚಿಕ್ಕವರು, ಕಿರುಸಾಲದವರಿಗೆ ತೀರಾ ದೊಡ್ಡವರು. ಅಂತರರಾಷ್ಟ್ರೀಯ ಹಣಕಾಸು ನಿಗಮ 2017ರಲ್ಲಿ ಅಂದಾಜಿಸಿದಂತೆ, ಅಭಿವೃದ್ಧಿಶೀಲ ದೇಶಗಳ ನೋಂದಾಯಿತ ಕಿರು, ಸಣ್ಣ, ಮಧ್ಯಮ ಉದ್ಯಮಗಳಲ್ಲಿ ಶೇ 40ರಷ್ಟಕ್ಕೆ, ಅಂದರೆ 6.5 ಕೋಟಿ ಉದ್ಯಮಗಳಿಗೆ, ಬೇಕಾದ ಸಾಲ ಸಿಗುತ್ತಿಲ್ಲ. ವರ್ಷಕ್ಕೆ ಆ ಕೊರತೆ 5.2 ಲಕ್ಷ ಕೋಟಿ ಡಾಲರ್.

ಹಾಗಾದರೆ ಯಾವುದರಿಂದ ಕೆಲಸ ಹುಟ್ಟಿದೆ? ನೈಜೀರಿಯಾ ಸರ್ಕಾರ 2011ರಲ್ಲಿ ‘ಯುವಿನ್’ ಎಂಬ ಸ್ಪರ್ಧೆ ಶುರು ಮಾಡಿತು. ಸುಮಾರು 24,000 ಅರ್ಜಿಗಳಲ್ಲಿ 1,200 ಮಂದಿಯನ್ನು ಆರಿಸಿ, ತಲಾ ಸುಮಾರು 50,000 ಡಾಲರ್ ಅನುದಾನ ಕೊಟ್ಟಿತು. ವಿಜೇತರಲ್ಲಿ ಒಂದು ಭಾಗವನ್ನು ಲಾಟರಿಯಿಂದ ಆರಿಸಿದ್ದರಿಂದ, ಹಣ ಸಿಕ್ಕವರನ್ನೂ ಸಿಗದವರನ್ನೂ ನ್ಯಾಯವಾಗಿ ಹೋಲಿಸಲು ಸಾಧ್ಯವಾಯಿತು. ಮೂರು ವರ್ಷಗಳ ನಂತರ, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಉದ್ಯಮವಾಗುವ ಸಾಧ್ಯತೆ ಹಣ ಸಿಕ್ಕವರಲ್ಲಿ 20 ಶೇಕಡಾ ಅಂಶಕ್ಕೂ ಹೆಚ್ಚಾಗಿತ್ತು. ನೂರು ಜನರಿಗೆ ಐನೂರೈನೂರು ಡಾಲರ್ ಹಂಚಿದ್ದರೆ ಈ ಫಲ ಸಿಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. ಮತ ಗಳಿಸಲು ಮಾತ್ರ ಆ ನೂರು ಜನರೇ ಬೇಕು, ಅದು ಬೇರೆ ಮಾತು.

ಹಣವಿಲ್ಲದೆಯೂ ಕೆಲಸ ಹುಟ್ಟಿದ್ದುಂಟು. ಮೆಕ್ಸಿಕೋದ ಪ್ವೆಬ್ಲಾದಲ್ಲಿ 432 ಉದ್ಯಮಗಳ ಪೈಕಿ 150ಕ್ಕೆ ಒಂದು ವರ್ಷ ಕಾಲ ವಾರಕ್ಕೆ ನಾಲ್ಕು ಗಂಟೆ ಸಲಹೆಗಾರರೊಬ್ಬರ ನೆರವು ದೊರೆಯಿತು. ಲೆಕ್ಕ ಇಡುವುದು, ಬೆಲೆ ಕಟ್ಟುವುದು, ಕೆಲಸ ಹಂಚುವುದು ಇಂಥವು. ಐದು ವರ್ಷಗಳ ನಂತರ ಅವುಗಳಲ್ಲಿ ಕೆಲಸಗಾರರ ಸಂಖ್ಯೆ ಉಳಿದವುಗಳಿಗಿಂತ ಶೇ 57ರಷ್ಟು ಹೆಚ್ಚಿತ್ತು. ಗಮನಿಸಿ, ಇದು ನೂರು ಜನರನ್ನು ಒಂದು ಸಭಾಂಗಣದಲ್ಲಿ ಕೂರಿಸಿ ಪ್ರಮಾಣಪತ್ರ ಕೊಟ್ಟು ಕಳಿಸುವ ಮೂರು ದಿನದ ತರಬೇತಿಯಲ್ಲ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಈಜಿಪ್ಟಿನ ಫುವಾ ಊರಿನ ರತ್ನಗಂಬಳಿ ನೇಕಾರರ ಪ್ರಸಂಗ. ಒಂದೆರಡು ಮಗ್ಗದ ಪುಟ್ಟ ಘಟಕಗಳು ಅವು. ಡೇವಿಡ್ ಆಟ್ಕಿನ್, ಅಮಿತ್ ಖಂಡೇಲ್‌ವಾಲ್, ಆಡಂ ಉಸ್ಮಾನ್ ಎಂಬ ಸಂಶೋಧಕರು ಅವರಿಗೆ ಸಾಲ ಕೊಡಲಿಲ್ಲ, ಪಾಠ ಮಾಡಲಿಲ್ಲ. ಲಾಟರಿಯಲ್ಲಿ ಬಂದ ಕೆಲವರಿಗೆ ವಿದೇಶಿ ಗಿರಾಕಿಯ ಆರ್ಡರು ಸಿಗುವಂತೆ ಮಾಡಿದರು, ಅಷ್ಟೇ. ಮೊದಮೊದಲು ಮಾಲು ಒರಟಾಗಿತ್ತು. ಮೂಲೆಗಳು ಚೌಕಾಕಾರವಾಗಿಲ್ಲ, ಅಂಚು ಅಲೆಅಲೆಯಾಗಿದೆ, ಹಾಸು ಬಿಗಿಯಾಗಿಲ್ಲ, ವಿನ್ಯಾಸ ಮಾದರಿಯಂತಿಲ್ಲ ಎಂಬ ದೂರುಗಳು ಗಿರಾಕಿಯಿಂದ ಮಧ್ಯವರ್ತಿಗೆ, ಮಧ್ಯವರ್ತಿಯಿಂದ ನೇಕಾರನಿಗೆ ತಲುಪುತ್ತಿದ್ದವು. ನೇಕಾರ ತಿದ್ದಿಕೊಳ್ಳುತ್ತಿದ್ದ. ಪಳಗಿದ ಕುಶಲಕರ್ಮಿಯೊಬ್ಬರು ಪ್ರತಿ ಗಂಬಳಿಗೆ ಅಂಕ ಹಾಕುತ್ತಿದ್ದರು. ಕಡೆಗೆ ಎಲ್ಲರನ್ನೂ ಒಂದೇ ಕಡೆ ಕೂರಿಸಿ, ಒಂದೇ ನೂಲು, ಒಂದೇ ಮಗ್ಗ ಕೊಟ್ಟು, ಒಂದೇ ವಿನ್ಯಾಸ ನೇಯಿಸಿದಾಗಲೂ ರಫ್ತಿನ ಆರ್ಡರು ಸಿಕ್ಕವರ ಗಂಬಳಿಯೇ ಮೇಲಾಗಿತ್ತು. ಅಂದರೆ ಸುಧಾರಿಸಿದ್ದು ಕೈಯೇ. ಅವರ ಲಾಭ ಶೇ 16ರಿಂದ 26ರಷ್ಟು ಏರಿತ್ತು. ಸಣ್ಣ ಉದ್ಯಮಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ತಕರಾರು ಮಾಡುವ, ಆದರೆ ಮತ್ತೆ ಮತ್ತೆ ಬರುವ ಗಿರಾಕಿ. ಬೇಡಿಕೆಯನ್ನು ಮರೆತು ಪೂರೈಕೆಗೇ ಸಹಾಯ ಸುರಿಯುವುದು ಈ ಕ್ಷೇತ್ರದ ಹಳೆಯ ಚಾಳಿ.

ಎಲ್ಲ ಉದ್ಯಮವೂ ದೊಡ್ಡದಾಗಲೇಬೇಕು ಎಂದು ನಾನು ಹೇಳುತ್ತಿಲ್ಲ. ಉಗಾಂಡಾದ ಮರಗೆಲಸದ ಅಂಗಡಿಗಳನ್ನು ನೋಡಿ. ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಯಂತ್ರ ಒಬ್ಬರೇ ಕೊಳ್ಳುವಷ್ಟು ಅಗ್ಗವಲ್ಲ, ಕೊಂಡರೂ ಒಬ್ಬರ ಕೆಲಸಕ್ಕೆ ದಿನದ ಕೆಲವೇ ಹೊತ್ತು ಬೇಕಾದೀತು. ಅಲ್ಲಿ ಒಬ್ಬರು ಕೊಂಡ ಯಂತ್ರಕ್ಕೆ ಅಕ್ಕಪಕ್ಕದವರು ಹಲಗೆ ಹೊತ್ತು ತಂದು, ಬಾಡಿಗೆ ಕೊಟ್ಟು ಹೆರೆಸಿಕೊಂಡು ಹೋಗುತ್ತಾರೆ. ಒಂದು ಬೀದಿಯೇ ಒಂದು ಕಾರ್ಖಾನೆಯಂತಾಗಿದೆ. ಪಾಕಿಸ್ತಾನದ ಸಿಯಾಲ್‌ಕೋಟ್‌ನ ಶಸ್ತ್ರಚಿಕಿತ್ಸೆ ಉಪಕರಣ ತಯಾರಕರು ಇದಕ್ಕೂ ಮುಂದೆ ಹೋದರು. 1994ರಲ್ಲಿ ಅಮೆರಿಕ ಗುಣಮಟ್ಟದ ನೆಪದಲ್ಲಿ ಅವರ ಮಾಲನ್ನು ತಡೆದಾಗ, ಪರಸ್ಪರ ಪೈಪೋಟಿಯಲ್ಲಿದ್ದ ನೂರಾರು ಘಟಕಗಳು ತಮ್ಮ ಸಂಘದ ಮೂಲಕ ಒಗ್ಗೂಡಿ, ಸರ್ಕಾರದ ನೆರವು ಪಡೆದು, ಗುಣಮಟ್ಟದ ಪದ್ಧತಿ ಕಲಿತು ಮಾರುಕಟ್ಟೆ ಉಳಿಸಿಕೊಂಡವು. ಒಬ್ಬೊಬ್ಬರೇ ಆಗಿದ್ದರೆ ಮುಳುಗುತ್ತಿದ್ದರು.

ದೊಡ್ಡವರ ಸವಲತ್ತು ಕಿತ್ತು ಸಣ್ಣವರಿಗೆ ಕೊಡುವ ನಿಮ್ಮ ಆಲೋಚನೆಗೆ ಇನ್ನೊಂದು ಅಡ್ಡಿಯಿದೆ: ಸಣ್ಣವರು ಹುಟ್ಟುವುದೇ ಎಷ್ಟೋ ಸಲ ದೊಡ್ಡವರ ಮಡಿಲಲ್ಲಿ. 1979ರಲ್ಲಿ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಕಂಪನಿ ದಕ್ಷಿಣ ಕೊರಿಯಾದ ಡೇವೂ ಜೊತೆ ಒಪ್ಪಂದ ಮಾಡಿಕೊಂಡು 130 ಮಂದಿಯನ್ನು ತರಬೇತಿಗೆ ಕೊರಿಯಾಕ್ಕೆ ಕಳಿಸಿತು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಬಹುತೇಕರು ಕಂಪನಿ ಬಿಟ್ಟು ಸ್ವಂತ ಗಾರ್ಮೆಂಟ್ ಕಟ್ಟಿದರು, ಇಲ್ಲವೇ ಹೊಸಬರ ಕಾರ್ಖಾನೆ ಸೇರಿದರು. ಇವತ್ತು ಆ ದೇಶದಲ್ಲಿ 40 ಲಕ್ಷದಷ್ಟು ಮಂದಿಗೆ ಕೆಲಸ ಕೊಡುವ ಉದ್ದಿಮೆಯ ಬೀಜ ಅಲ್ಲಿದೆ. ಚೀನಾದ ಗ್ರಾಮ ಮತ್ತು ಪಟ್ಟಣ ಉದ್ಯಮಗಳ ಕೆಲಸಗಾರರ ಸಂಖ್ಯೆ 1978ರ 2.8 ಕೋಟಿಯಿಂದ 1996ರ ಹೊತ್ತಿಗೆ 13.5 ಕೋಟಿಗೆ ಏರಿತು. ಅವುಗಳಲ್ಲೂ ಎಷ್ಟೋ ಘಟಕಗಳು ಹತ್ತಿರದ ನಗರಗಳ ದೊಡ್ಡ ಕಾರ್ಖಾನೆಗಳ ಯಂತ್ರ, ತಂತ್ರಜ್ಞರು, ಆರ್ಡರುಗಳನ್ನೇ ನೆಚ್ಚಿಕೊಂಡಿದ್ದವು.

ಹಾಗೆಂದು ದೊಡ್ಡ ಕಾರ್ಖಾನೆಯ ಕೆಲಸವೇ ಒಳ್ಳೆಯ ಕೆಲಸ ಎಂದುಕೊಳ್ಳಬೇಡಿ. ಇಥಿಯೋಪಿಯಾದಲ್ಲಿ ಕ್ರಿಸ್ಟೋಫರ್ ಬ್ಲ್ಯಾಟ್‌ಮನ್ ಮತ್ತು ಸ್ಟೀಫನ್ ಡೆರ್ಕಾನ್ ಐದು ಕಂಪನಿಗಳಿಗೆ ಅರ್ಜಿ ಹಾಕಿದವರನ್ನು ಚೀಟಿ ಎತ್ತಿ ವಿಂಗಡಿಸಿದರು. ಕೆಲವರಿಗೆ ಕಾರ್ಖಾನೆಯ ಕೆಲಸ, ಕೆಲವರಿಗೆ 300 ಡಾಲರ್ ಮತ್ತು ವ್ಯಾಪಾರದ ತರಬೇತಿ. ಕೆಲಸ ಸಿಕ್ಕವರಲ್ಲಿ ಹೆಚ್ಚಿನವರು ವರ್ಷದೊಳಗೆ ಬಿಟ್ಟರು. ಗಂಭೀರ ಆರೋಗ್ಯ ಸಮಸ್ಯೆಗಳು ಅವರಲ್ಲೇ ಹೆಚ್ಚು ಕಂಡವು. ದುಡ್ಡು ಪಡೆದವರ ಆದಾಯ ಒಂದು ವರ್ಷದ ಹೊತ್ತಿಗೆ ಮೂರನೇ ಒಂದರಷ್ಟು ಏರಿತ್ತು. ಆದರೆ ಐದು ವರ್ಷಗಳ ನಂತರ ಹೋಗಿ ನೋಡಿದರೆ ಆ ವ್ಯತ್ಯಾಸವೂ ಕರಗಿಹೋಗಿತ್ತು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ‘ಈ ಯೋಜನೆಯಿಂದ ಇಷ್ಟು ಲಕ್ಷ ಉದ್ಯೋಗ ಸೃಷ್ಟಿ’ ಎಂಬ ಜಾಹೀರಾತು ಕಂಡರೆ ಮೊದಲು ನೋಡಬೇಕಾದದ್ದು, ಮಂಜೂರಾದ ಸಾಲದ ಸಂಖ್ಯೆಯನ್ನೇ ಒಂದು ಗುಣಕದಿಂದ ಗುಣಿಸಿ ಉದ್ಯೋಗ ಎಂದು ಕರೆದಿದ್ದಾರೆಯೇ ಎಂದು. ಹಾಗಿದ್ದರೆ ಮುಂದೆ ಓದುವ ಅಗತ್ಯವಿಲ್ಲ. ಎಷ್ಟು ಕಾಲದ ನಂತರ ಎಣಿಸಿದ್ದಾರೆ ಎಂಬುದು ಮುಂದಿನ ಪ್ರಶ್ನೆ. ಮೆಕೆಂಜಿ ಮತ್ತು ಆನಾ ಲೂಯಿಸಾ ಪಾಫ್‌ಹೌಸೆನ್ ಅಭಿವೃದ್ಧಿಶೀಲ ದೇಶಗಳ ಸಮೀಕ್ಷೆಗಳನ್ನು ಜೋಡಿಸಿ ನೋಡಿದಂತೆ, ಮೊದಲ ಐದು ವರ್ಷಗಳಲ್ಲಿ ಸಣ್ಣ ಉದ್ಯಮಗಳ ಪೈಕಿ ವರ್ಷಕ್ಕೆ ಶೇ 8ರಷ್ಟು ಮುಚ್ಚುತ್ತವೆ. ಉದ್ಘಾಟನೆಯ ದಿನ ಎಣಿಸಿದರೆ ಎಲ್ಲವೂ ಬದುಕಿರುತ್ತವೆ. ಸಹಾಯಧನ ನಿಂತ ಮೇಲೂ ಕೆಲಸ ಉಳಿಯಿತೇ ಎಂಬುದನ್ನೂ ಕೇಳಿ. ಶ್ರೀಲಂಕಾದಲ್ಲಿ ಪುಟ್ಟ ಉದ್ಯಮಗಳಿಗೆ ಹೊಸ ಕೆಲಸಗಾರರ ಸಂಬಳದ ಒಂದು ಭಾಗವನ್ನು ಕೆಲವು ತಿಂಗಳು ಭರಿಸಿದಾಗ ಅವು ಜನರನ್ನು ತೆಗೆದುಕೊಂಡವು. ಭರಿಸುವುದು ನಿಂತ ಮೇಲೆ ಆ ಪರಿಣಾಮವೂ ಮಾಯವಾಯಿತು.

ಎಲ್ಲಕ್ಕಿಂತ ಕಷ್ಟದ, ಆದ್ದರಿಂದಲೇ ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ಇಲ್ಲಿ ಹೆಚ್ಚಿದ ಕೆಲಸ ಪಕ್ಕದವರಿಂದ ಕಿತ್ತುಕೊಂಡದ್ದೇ? ಒಂದೇ ಬೀದಿಯಲ್ಲಿ ಐದು ರಿಪೇರಿ ಅಂಗಡಿಗಳಿದ್ದು, ಸಾಲ ಪಡೆದ ಒಂದು ಅಂಗಡಿ ಹಿಗ್ಗಿ ಉಳಿದ ನಾಲ್ಕು ಕುಗ್ಗಿದರೆ ಯೋಜನೆಯ ವರದಿಯಲ್ಲಿ ಕಾಣುವುದು ಹಿಗ್ಗಿದ್ದು ಮಾತ್ರ. ಭಾರತದಲ್ಲಿ 2006ರಲ್ಲಿ ಸಣ್ಣ ಉದ್ಯಮದ ಹೂಡಿಕೆ ಮಿತಿ ಏರಿಸಿ ಇನ್ನಷ್ಟು ಸಂಸ್ಥೆಗಳಿಗೆ ಸವಲತ್ತು ವಿಸ್ತರಿಸಿದಾಗ ಏನಾಯಿತೆಂದು ಮಾರ್ಟಿನ್ ರೋಟೆಂಬರ್ಗ್ ಲೆಕ್ಕ ಹಾಕಿದ್ದಾರೆ. ಸವಲತ್ತು ಸಿಕ್ಕ ಸಂಸ್ಥೆಗಳು ಬೆಳೆದದ್ದು ನಿಜ. ಆದರೆ ದೇಶದೊಳಗೇ ಮಾರಾಟವಾಗುವ ವಸ್ತುಗಳಲ್ಲಿ ಆ ಬೆಳವಣಿಗೆಯೆಲ್ಲ ಹೆಚ್ಚುಕಡಿಮೆ ಅದೇ ವಸ್ತು ತಯಾರಿಸುತ್ತಿದ್ದ ಪ್ರತಿಸ್ಪರ್ಧಿಗಳ ನಷ್ಟದಿಂದಲೇ ಬಂದಿತ್ತು. ಹೊರದೇಶಕ್ಕೆ ಹೋಗುವ ವಸ್ತುಗಳಲ್ಲಿ ಹೀಗೆ ಪಕ್ಕದವರನ್ನು ತಳ್ಳಿದ್ದು ಕಡಿಮೆ. ಆದ್ದರಿಂದ ನಿಮ್ಮ ಕೈಗೆ ಯೋಜನೆಯೊಂದರ ವರದಿ ಬಂದಾಗ ಫಲಾನುಭವಿಗಳ ಪಟ್ಟಿಯ ಜೊತೆಗೆ, ಅವರ ಮಾಲು ಯಾರಿಗೆ ಮಾರಾಟವಾಗುತ್ತದೆ, ಸವಲತ್ತು ಸಿಗದ ನೆರೆಯ ಘಟಕಗಳಲ್ಲಿ ಅದೇ ಅವಧಿಯಲ್ಲಿ ಎಷ್ಟು ಜನ ಕೆಲಸದಲ್ಲಿದ್ದರು ಎಂಬ ಎರಡು ಕೋಷ್ಟಕಗಳನ್ನು ಹುಡುಕಿ. ಮೊದಲನೆಯದು ಕೆಲವೊಮ್ಮೆ ಸಿಗುತ್ತದೆ. ಎರಡನೆಯದು ಇರುವ ವರದಿ ಸಿಕ್ಕರೆ, ಅದರಲ್ಲಿ ಫಲ ಕಮ್ಮಿ ಕಂಡರೂ ನಾನಾದರೆ ಅದನ್ನೇ ಹೆಚ್ಚು ನಂಬುತ್ತೇನೆ.